ಎದೆ ಹೊಲಿದಾಯಿತು, ಇನ್ನು ಕಾಲಿನ ಕೆಲಸ

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಕೂತಿರುವ ಕುರ್ಚಿಯಲ್ಲೇ ಸ್ವಲ್ಪ ಮುಂದಕ್ಕೆ ಸರಿಯಿರಿ. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಈಗ ಕೈ ಊರದೆ ಎದ್ದು ನಿಲ್ಲಿ, ಮತ್ತೆ ಕೂರಿ. ಹೀಗೆ ಐದು ಸಲ. ಮಂಡಿನೋವು ಜಾಸ್ತಿ ಇರುವವರು, ಈಚೆಗೆ ಆಪರೇಷನ್ ಆದವರು ಮಾಡುವುದು ಬೇಡ, ಸುಮ್ನೆ ನೋಡಿ. ಪಕ್ಕದವರು ಮೊಬೈಲಿನಲ್ಲಿ ಸೆಕೆಂಡ್ ಎಣಿಸಲಿ.

ಮುಗೀತಾ? 15 ಸೆಕೆಂಡಿನೊಳಗೆ ಮುಗಿಸಿದವರು ಕೈ ಎತ್ತಿ. ಒಳ್ಳೆಯದು. ಅದಕ್ಕಿಂತ ಹೊತ್ತು ಹಿಡಿದವರ ತೊಡೆಯಲ್ಲಿ ಶಕ್ತಿ ಕಡಿಮೆ ಆಗುತ್ತಿದೆ ಎಂದು ಅರ್ಥ. ಗಾಬರಿ ಬೇಡ, ಅದನ್ನು ವಾಪಸ್ ತರಬಹುದು. ಹೃದಯದ ಆಪರೇಷನ್ ಬಗ್ಗೆ ಮಾತಾಡಲು ಬಂದವಳು ಕುರ್ಚಿಯಿಂದ ಏಳಿಸುತ್ತಿದ್ದಾಳಲ್ಲ ಅಂತ ನಿಮಗೆ ಅನ್ನಿಸಿರಬಹುದು. ನಾನು ಫಿಸಿಯೊಥೆರಪಿಸ್ಟ್. ಬೈಪಾಸ್ ಆದವರು, ವಾಲ್ವ್ ಬದಲಾಯಿಸಿಕೊಂಡವರು ಇರುವ ವಾರ್ಡಿನಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಇದನ್ನೇ. ಎಪ್ಪತ್ತು ದಾಟಿದವರಿಗೆ ಸರ್ಜನ್ ಹೃದಯವನ್ನು ಸರಿ ಮಾಡಿ ಕೊಡುತ್ತಾರೆ. ಆಮೇಲೆ ಮನೆಯಲ್ಲಿ ಸೋಲುವುದು ಕಾಲು.

ನಮ್ಮ ದೊಡ್ಡಪ್ಪನ ವಿಷಯ ಹೇಳುತ್ತೇನೆ. ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ದೊಡ್ಡಪ್ಪನಿಗೆ 71 ವರ್ಷ. ಬೈಪಾಸ್ ಆಯಿತು, ಯಾವ ತೊಂದರೆಯೂ ಇಲ್ಲದೆ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಇತ್ತು, ಪಥ್ಯದ ಪಟ್ಟಿ ಇತ್ತು, ಕೊನೆಗೆ 'ವಿಶ್ರಾಂತಿ' ಅಂತ ಒಂದೇ ಪದ ಇತ್ತು. ಆ ಒಂದು ಪದವನ್ನು ನಮ್ಮ ಮನೆಯವರು ಎಷ್ಟು ಶ್ರದ್ಧೆಯಿಂದ ಪಾಲಿಸಿದರು ಅಂದರೆ, ಒಂದೂವರೆ ತಿಂಗಳು ದೊಡ್ಡಪ್ಪನನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ಬಾಣಂತಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ನೀರು ಬೇಕಾ, ಮಂಚಕ್ಕೇ ಬಂತು. ಊಟ ಮಂಚಕ್ಕೆ. ಟಿವಿಯನ್ನೇ ಕೋಣೆಗೆ ತಂದಿಟ್ಟರು. ಬಂದ ನೆಂಟರೆಲ್ಲ 'ಏಳಬೇಡಿ, ಏಳಬೇಡಿ' ಅಂದರು. ಏಳನೇ ವಾರ ದೊಡ್ಡಪ್ಪ ಒಬ್ಬರೇ ಬಚ್ಚಲಿಗೆ ಹೋದರು, ಕೂತವರಿಗೆ ಏಳಲು ಆಗಲಿಲ್ಲ. ನಲ್ಲಿ ಹಿಡಿದು ಎಳೆದುಕೊಂಡು ಏಳಲು ಹೋಗಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಎರಡು ವರ್ಷ ಇದ್ದರು. ಆ ಎರಡು ವರ್ಷವೂ ಹೃದಯ ಚೆನ್ನಾಗಿಯೇ ಕೆಲಸ ಮಾಡಿತು. ಅವರು ಮಾತ್ರ ಮತ್ತೆ ತೋಟದ ಕಡೆ ಹೋಗಲಿಲ್ಲ.

ಮನೆಯವರಲ್ಲಿ ಯಾರದೂ ಕೆಟ್ಟ ಮನಸ್ಸಲ್ಲ. ಪ್ರೀತಿಯಿಂದಲೇ ಮಾಡಿದ್ದು. ಅದಕ್ಕೇ ನಾನು ಇವತ್ತು ಆಪರೇಷನ್ ಆದವರಿಗಿಂತ ಅವರ ಹೆಂಡತಿ, ಗಂಡ, ಮಕ್ಕಳು, ಸೊಸೆಯಂದಿರ ಹತ್ತಿರ ಜಾಸ್ತಿ ಮಾತಾಡುತ್ತಿದ್ದೇನೆ.

ಮಲಗಿದರೆ ಏನಾಗುತ್ತದೆ? ಇದನ್ನು ಸರಿಯಾಗಿ ಅಳೆದವರಿದ್ದಾರೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಸುಮಾರು 20 ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಏನೂ ಕಾಯಿಲೆ ಇಲ್ಲ, ಸುಮ್ನೆ ಮಲಗಿಸಿದ್ದು. ಮೂರು ವಾರದಲ್ಲಿ ಅವರ ದಮ್ಮು, ಅಂದರೆ ಜೋರಾಗಿ ದಣಿದಾಗ ಮೈ ಬಳಸಬಲ್ಲ ಆಮ್ಲಜನಕದ ಪ್ರಮಾಣ, ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ಇದರಲ್ಲಿ ಸ್ವಾರಸ್ಯ ಇರುವುದು ಮುಂದೆ. 30 ವರ್ಷ ಬಿಟ್ಟು ಅದೇ ಐದು ಜನರನ್ನು ಹುಡುಕಿ ಕರೆಸಿ ಮತ್ತೆ ಪರೀಕ್ಷೆ ಮಾಡಿದರು. ಆಗ ಅವರಿಗೆ 50 ವರ್ಷ. ಮೈ ಬಂದಿತ್ತು. ಆದರೂ 30 ವರ್ಷದ ವಯಸ್ಸು ಅವರ ದಮ್ಮನ್ನು ಇಳಿಸಿದ್ದಕ್ಕಿಂತ, ಆವತ್ತು ಆ ಮೂರು ವಾರದ ಹಾಸಿಗೆ ಇಳಿಸಿದ್ದೇ ಜಾಸ್ತಿ ಇತ್ತು. ಆಮೇಲೆ ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ ಮಾಡಿಸಿದರು. ವಯಸ್ಸಿನಿಂದ ಕಳೆದುಕೊಂಡ ದಮ್ಮು ವಾಪಸ್ ಬಂತು. ಹಾಸಿಗೆ ಕಿತ್ತುಕೊಂಡಿದ್ದೂ ನಿಜ, ನಡಿಗೆ ವಾಪಸ್ ಕೊಟ್ಟಿದ್ದೂ ನಿಜ.

ಅವರು ಹುಡುಗರು. ವಯಸ್ಸಾದವರ ಕತೆ? 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 60 ದಾಟಿದ ಆರೋಗ್ಯವಂತರನ್ನು ಹತ್ತೇ ದಿನ ಮಲಗಿಸಿದರು. ಹತ್ತು ದಿನದಲ್ಲಿ ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸ ಕರಗಿತ್ತು. ಕೊಬ್ಬಲ್ಲ, ಮಾಂಸ. ಅವರಿಗೆ ಆಪರೇಷನ್ ಆಗಿರಲಿಲ್ಲ, ಊಟ ಚೆನ್ನಾಗಿತ್ತು. ನಮ್ಮ ಪೇಷಂಟ್ ಆಪರೇಷನ್ನಿಗೆ ಮುಂಚೆಯೇ ಎದೆನೋವು, ಸುಸ್ತು ಅಂತ ತಿಂಗಳುಗಟ್ಟಲೆ ಓಡಾಟ ಬಿಟ್ಟಿರುತ್ತಾರೆ. ಆಪರೇಷನ್ ಆದ ಮೇಲೆ ಬಾಯಿ ರುಚಿ ಇರುವುದಿಲ್ಲ. ಅದರ ಮೇಲೆ ನಾವು ಮಲಗಿಸುತ್ತೇವೆ. ಲೆಕ್ಕ ನೀವೇ ಹಾಕಿ.

ಇನ್ನೊಂದು ಹಳೆಯ ವಿಷಯ, ಸ್ವಲ್ಪ ದಾರಿ ಬಿಟ್ಟು ಹೇಳುತ್ತೇನೆ. ಒಂದು ಕಾಲದಲ್ಲಿ ಹಾರ್ಟ್ ಅಟ್ಯಾಕ್ ಆದವರನ್ನು ಆಸ್ಪತ್ರೆಯಲ್ಲೇ ವಾರಗಟ್ಟಲೆ ಅಲ್ಲಾಡದೆ ಮಲಗಿಸುತ್ತಿದ್ದರು. ತುತ್ತನ್ನೂ ನರ್ಸ್ ಬಾಯಿಗೆ ಇಡಬೇಕು. ಎಷ್ಟೋ ಜನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ತೀರಿಕೊಳ್ಳುತ್ತಿದ್ದರು. ಬಾಸ್ಟನ್ನಿನ ಸ್ಯಾಮ್ಯುಯಲ್ ಲೆವೈನ್ ಎಂಬ ಡಾಕ್ಟರು ಇದು ಸರಿಯಲ್ಲ ಅಂದರು. ಬರ್ನಾರ್ಡ್ ಲೌನ್ ಎಂಬ ಯುವ ಡಾಕ್ಟರ ಜೊತೆ ಸೇರಿ ರೋಗಿಗಳನ್ನು ಮೊದಲ ದಿನಗಳಲ್ಲೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. 1952ರಲ್ಲಿ 81 ರೋಗಿಗಳ ವಿವರ ಬರೆದರು. ಅಷ್ಟೇ ಚಿಕಿತ್ಸೆ. ಒಂದು ಕುರ್ಚಿ. ಅದೇ ಲೌನ್ ಮುಂದೆ ಕಟ್ಟಿದ, ಅಣುಯುದ್ಧದ ವಿರುದ್ಧದ ವೈದ್ಯರ ಸಂಘಟನೆಗೆ 1985ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನನಗೆ ಅವರ ಕುರ್ಚಿಯ ಕೆಲಸ ಅದಕ್ಕಿಂತ ಚಿಕ್ಕದು ಅನ್ನಿಸುವುದಿಲ್ಲ. 70 ವರ್ಷ ಕಳೆದಿದೆ. ಆಸ್ಪತ್ರೆಗಳು ಬದಲಾದವು. ಮನೆಗಳು ಇನ್ನೂ ಬದಲಾಗಬೇಕು.

ಈಗ ಆಸ್ಪತ್ರೆಯೊಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಚನ್ನಗಿರಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು, 74 ವರ್ಷ, ಬೈಪಾಸ್ ಆಗಿತ್ತು. ಮಾರನೇ ದಿನ ಬೆಳಿಗ್ಗೆ ನಾನು ಹೋಗಿ 'ಯಜಮಾನ್ರೇ, ಏಳೋಣ್ವಾ?' ಅಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. 'ಏನವ್ವಾ, ನಿನ್ನೆ ಎದೆ ಸೀಳಿದಾರೆ, ಇವತ್ತು ಏಳು ಅಂತೀಯಲ್ಲ' ಅಂದರು. ನ್ಯಾಯವಾದ ಮಾತು. ಎದೆಯಿಂದ ಎರಡು ಪೈಪು ಕೆಳಗಿನ ಡಬ್ಬಿಗೆ ಇಳಿದಿದೆ, ಮೂತ್ರದ ಚೀಲ ಇದೆ, ಕುತ್ತಿಗೆಯಲ್ಲಿ ಸೂಜಿ, ಬೆರಳಿಗೆ ಕ್ಲಿಪ್ಪು, ಬೈಪಾಸಿಗೆ ಅಂತ ಕಾಲಿನಿಂದ ರಕ್ತನಾಳ ತೆಗೆದ ಜಾಗಕ್ಕೆ ಪಟ್ಟಿ. ಯಾರಿಗಾದರೂ ಹೆದರಿಕೆ ಆಗುತ್ತದೆ.

ನಾವು ಏಕಾಏಕಿ ಎಬ್ಬಿಸುವುದಿಲ್ಲ. ಮೊದಲು ಬಿಪಿ ನೋಡುತ್ತೇವೆ, ಮಾನಿಟರಿನಲ್ಲಿ ಹೃದಯದ ಬಡಿತ ಲಯದಲ್ಲಿದೆಯಾ ನೋಡುತ್ತೇವೆ. ಬಿಪಿ ಬೀಳದ ಹಾಗೆ ಹಿಡಿದಿಡಲು ಔಷಧಿ ಜಾಸ್ತಿ ಓಡುತ್ತಿದ್ದರೆ, ರಕ್ತ ಹೆಚ್ಚು ಸೋರುತ್ತಿದ್ದರೆ, ಬಡಿತ ತಪ್ಪಿದ್ದರೆ ಆವತ್ತು ಬೇಡ ಅಂತ ಬಿಡುತ್ತೇವೆ. ಎಲ್ಲ ಸರಿ ಇದ್ದರೆ ಮಲಗಿದ್ದಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು. ಮೀನಖಂಡ ಹಿಂಡಿದಾಗ ರಕ್ತ ಮೇಲಕ್ಕೆ ಹೋಗುತ್ತದೆ. ಆಮೇಲೆ ಒಂದು ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಮಂಚದ ಅಂಚಿನಲ್ಲಿ ಕೂರಿಸುವುದು. ಅಲ್ಲೇ ಎರಡು ಮೂರು ನಿಮಿಷ. ತಲೆ ತಿರುಗುತ್ತಿದೆಯಾ? ಮತ್ತೆ ಬಿಪಿ. ಆಮೇಲೆ ನಿಲ್ಲುವುದು. ನಿಂತಲ್ಲೇ ನಾಲ್ಕು ಸಲ ಕಾಲು ಎತ್ತಿಡುವುದು. ನಾಲ್ಕು ಹೆಜ್ಜೆ ಆಚೆ ಕುರ್ಚಿ. ಆ ಯಜಮಾನರು ಆ ನಾಲ್ಕು ಹೆಜ್ಜೆಗೆ ಬೆವೆತುಹೋದರು. ಕೂತ ಮೇಲೆ ಕಿಟಕಿ ಕಡೆ ನೋಡಿ, 'ಹೊರಗೆ ಮಳೆ ಬರ್ತಾ ಇದೆಯಾ?' ಅಂತ ಕೇಳಿದರು. ಹಾಸಿಗೆಯಿಂದ ಅವರಿಗೆ ಬರೀ ಸೀಲಿಂಗ್ ಕಾಣುತ್ತಿತ್ತು.

ಎರಡನೇ ದಿನ ಕೋಣೆಯೊಳಗೆ, ಮೂರನೇ ದಿನ ಕಾರಿಡಾರಿನಲ್ಲಿ, ನಾಲ್ಕು ಐದನೇ ದಿನಕ್ಕೆ ಹತ್ತು ಮೆಟ್ಟಿಲು. ಎಲ್ಲರಿಗೂ ಇದೇ ಲೆಕ್ಕ ಅಂತಲ್ಲ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಬಡಿತ ಲಯ ತಪ್ಪುತ್ತದೆ. ವಯಸ್ಸಾದಷ್ಟೂ ಜಾಸ್ತಿ. ಆಗ ಒಂದು ದಿನ ಹಿಂದಕ್ಕೆ ಹೋಗುತ್ತೇವೆ, ಔಷಧಿಯಲ್ಲಿ ಸರಿ ಹೋದ ಮೇಲೆ ಮತ್ತೆ ಶುರು. ನಿಧಾನ ಆದರೂ ಪರವಾಗಿಲ್ಲ, ಪೂರ್ತಿ ನಿಲ್ಲಬಾರದು.

ಉಸಿರಿನ ವ್ಯಾಯಾಮಕ್ಕೆ ಕೊಡುವ ಚೆಂಡಿನ ಯಂತ್ರ ಗೊತ್ತಲ್ವಾ? ಮೂರು ಕೋಣೆ, ಮೂರು ಚೆಂಡು, ಒಂದು ಪೈಪು. ಹೃದಯದ ಆಪರೇಷನ್ ಆದ ಮನೆಗಳಲ್ಲೆಲ್ಲ ಅದೊಂದು ಶೋಕೇಸಿನಲ್ಲಿ ಇರುತ್ತದೆ. ಹತ್ತರಲ್ಲಿ ಎಂಟು ಜನ ಅದನ್ನು ಊದುವುದನ್ನು ನಾನು ನೋಡಿದ್ದೇನೆ. ಊದಿದರೆ ಚೆಂಡು ಏಳುವುದಿಲ್ಲ. 'ನನ್ನ ಕೈಲಿ ಆಗಲ್ಲ' ಅಂತ ಬಿಟ್ಟುಬಿಡುತ್ತಾರೆ. ಅದು ಊದುವುದಲ್ಲ, ಒಳಗೆ ಎಳೆಯುವುದು. ಎಳನೀರನ್ನು ಸ್ಟ್ರಾದಲ್ಲಿ ಹೀರುತ್ತೀರಲ್ಲ, ಹಾಗೆ, ನಿಧಾನವಾಗಿ, ಉದ್ದಕ್ಕೆ. ಆಪರೇಷನ್ ಹೊತ್ತಿನಲ್ಲಿ ಶ್ವಾಸಕೋಶದ ಕೆಳಭಾಗ ಮುದುಡಿರುತ್ತದೆ. ನೋವಿಗೆ ಹೆದರಿ ಮೇಲೆ ಮೇಲೆ ಸಣ್ಣಗೆ ಉಸಿರಾಡಿದರೆ ಅದು ಬಿಚ್ಚಿಕೊಳ್ಳುವುದಿಲ್ಲ, ಕಫ ಕಟ್ಟುತ್ತದೆ. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಎಳೆಯಿರಿ. ಕೆಮ್ಮು ಬಂದರೆ ತಡೆಯಬೇಡಿ. ಒಂದು ದಿಂಬನ್ನೋ ಸುತ್ತಿದ ಟವೆಲನ್ನೋ ಎದೆಗೆ ಅವುಚಿ ಹಿಡಿದು ಕೆಮ್ಮಿ. ಹೊಲಿಗೆ ಬಿಚ್ಚಿಹೋಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಒಳಗೆ ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಒಂದು ಕೆಮ್ಮಿಗೆ ಅದು ಬಿಡುವುದಿಲ್ಲ.

ಈಗ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. 70 ದಾಟಿತ್ತು, ವಾಲ್ವ್ ಬದಲಾಯಿಸಿದ್ದರು. ಎರಡು ದಿನ ಕೇಳಿದರೂ ಕಾರಿಡಾರಿಗೆ ಬರಲು ಒಪ್ಪಲಿಲ್ಲ. ನೋವಾ ಅಂದರೆ ಇಲ್ಲ, ತಲೆಸುತ್ತಾ ಅಂದರೆ ಇಲ್ಲ. 'ಸಹಕರಿಸುತ್ತಿಲ್ಲ' ಅಂತ ಫೈಲಿನಲ್ಲಿ ಬರೆದೂ ಆಗಿತ್ತು. ಮೂರನೇ ದಿನ ಅವರ ಮಗಳು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: 'ಮೇಡಂ, ಆ ಗೌನಿಗೆ ಹಿಂದೆ ಬರೀ ಲಾಡಿ. ಗಂಡಸರು ಓಡಾಡ್ತಾರೆ. ಅಮ್ಮ ಜೀವಮಾನದಲ್ಲಿ ಸೀರೆ ಇಲ್ಲದೆ ಹೊಸ್ತಿಲು ದಾಟಿದವರಲ್ಲ.' ನನಗೆ ಕಣ್ಣು ತೆರೆದ ಹಾಗಾಯಿತು. ಗೌನಿನ ಮೇಲೆ ಒಂದು ಹತ್ತಿಯ ಸೀರೆಯನ್ನು ಸಡಿಲವಾಗಿ ಸುತ್ತಿ, ಹೆಗಲ ಮೇಲೆ ಶಾಲು ಹೊದಿಸಿದೆವು. ಸೆರಗು ಸರಿ ಮಾಡಿಕೊಂಡು ಎದ್ದರು. ಕಾರಿಡಾರಿನ ತುದಿಯವರೆಗೆ ಹೋಗಿ ಬಂದರು. ಆವತ್ತಿನಿಂದ ಯಾರಾದರೂ ಏಳುವುದಿಲ್ಲ ಅಂದರೆ, ಏಕೆ ಅಂತ ಮೂರು ಸಲ ಕೇಳುತ್ತೇನೆ.

ಹಾಗೆಯೇ ಕನ್ನಡಕ, ಕಿವಿಯ ಮಷಿನ್, ಹಲ್ಲಿನ ಸೆಟ್. ಆಪರೇಷನ್ನಿಗೆ ಮುಂಚೆ ತೆಗೆದು ಮನೆಯವರ ಕೈಗೆ ಕೊಟ್ಟಿರುತ್ತಾರೆ, ಅದು ಬ್ಯಾಗಿನಲ್ಲೇ ಉಳಿದಿರುತ್ತದೆ. ವಯಸ್ಸಾದವರಿಗೆ ಐಸಿಯುನಲ್ಲಿ ಹಗಲು ರಾತ್ರಿ ಗೊತ್ತಾಗದೆ ಮನಸ್ಸು ಗಲಿಬಿಲಿಯಾಗುವುದು ಬಹಳ. ಮಗನನ್ನೇ ಗುರುತು ಹಿಡಿಯದೆ ಬೈದವರನ್ನು ನೋಡಿದ್ದೇನೆ. ಕಾಣದ ಕಣ್ಣು, ಕೇಳದ ಕಿವಿ ಇಟ್ಟುಕೊಂಡು ಅವರು ಹೆದರದೆ ಇನ್ನೇನು ಮಾಡುತ್ತಾರೆ? ಕನ್ನಡಕ ಹಾಕಿ, ಬೆಳಕಿರುವ ಕಡೆ ಕೂರಿಸಿ, ನಡೆಸಿ. ಗಲಿಬಿಲಿ ಇಳಿಯಲು ಅದೂ ಒಂದು ಔಷಧಿ.

ಐದಾರು ದಿನಕ್ಕೆ, ಕೆಲವೊಮ್ಮೆ ಏಳೆಂಟು ದಿನಕ್ಕೆ ಮನೆಗೆ ಕಳಿಸುತ್ತಾರೆ. ಇಲ್ಲಿಂದ ಮುಂದೆ ಆಟ ನಿಮ್ಮ ಕೈಯಲ್ಲಿದೆ.

ಮನೆಯಲ್ಲಿ ಮೊದಲ ತಪ್ಪು ಆಗುವುದು ಮಂಚದಿಂದ ಎಬ್ಬಿಸುವಾಗ. ಮಗ ಎದುರಿಗೆ ನಿಂತು ಅಪ್ಪನ ಎರಡೂ ಕೈ ಹಿಡಿದು ಎಳೆಯುತ್ತಾನೆ. ಹಾಗೆ ಎಳೆಯಬೇಡಿ. ಕೂಡಿಕೊಳ್ಳುತ್ತಿರುವ ಮೂಳೆಯನ್ನು ಎರಡು ಕಡೆಗೆ ಜಗ್ಗಿದ ಹಾಗಾಗುತ್ತದೆ. ರಟ್ಟೆ ಹಿಡಿದು, ಕಂಕುಳಲ್ಲಿ ಕೈ ಹಾಕಿ ಎತ್ತುವುದೂ ಬೇಡ. ಮಂಡಿ ಮಡಚಿ, ದಿಂಬನ್ನು ಅವುಚಿಕೊಂಡು, ಮಗ್ಗುಲಿಗೆ ಹೊರಳಲಿ. ಕಾಲು ಕೆಳಗಿಳಿಯುತ್ತಿದ್ದಂತೆ ಮೈ ಮೇಲೇಳುತ್ತದೆ. ನೀವು ಬೆನ್ನಿಗೆ ಅಂಗೈ ಆನಿಸಿ ನಿಂತರೆ ಸಾಕು.

ಎದೆಮೂಳೆ ಗಟ್ಟಿಯಾಗಲು ಎರಡರಿಂದ ಮೂರು ತಿಂಗಳು ಬೇಕು. ಹಿಂದೆ ಇದಕ್ಕೆ ಬಹಳ ಕಟ್ಟುನಿಟ್ಟು ಇತ್ತು. ಕೈ ಎತ್ತಬೇಡಿ, ಏನೂ ಹಿಡಿಯಬೇಡಿ ಅಂತ. ಜನ ಹೆದರಿ ಕೈಯನ್ನೇ ಆಡಿಸದೆ ಭುಜ ಬಿಗಿದುಹೋಗುತ್ತಿತ್ತು. ಈಗ ನಾವು ಹೇಳುವುದು ಸುಲಭ. ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಒಂದು ಡಬ್ಬದೊಳಗೆ ನಿಂತಿದ್ದೀರಿ ಅಂದುಕೊಳ್ಳಿ. ಡಬ್ಬದೊಳಗೆ ಕೈಯಲ್ಲಿ ಏನು ಮಾಡಿದರೂ ಸರಿ. ತಲೆ ಬಾಚಿ, ಊಟ ಮಾಡಿ, ಸೊಪ್ಪು ಬಿಡಿಸಿ, ಪೇಪರ್ ಓದಿ. ಡಬ್ಬದ ಆಚೆಗೆ ಭಾರ ಹಿಡಿದು ಕೈ ಚಾಚುವುದು, ಹಿಂದಕ್ಕೆ ಊರುವುದು ಬೇಡ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಂಗಡಿಯ ಶಟರ್, ಮೊಮ್ಮಗುವನ್ನು ಎತ್ತುವುದು, ಇವೆಲ್ಲ ಮೂರು ತಿಂಗಳು ಆಚೆಗಿರಲಿ. ದ್ವಿಚಕ್ರ ವಾಹನ ಯಾವಾಗ ಅಂತ ಡಾಕ್ಟರನ್ನು ಕೇಳದೆ ಹತ್ತಬೇಡಿ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಧಾರಾಳವಾಗಿ ಹಾಕಿ, ಅದು ಒಳ್ಳೆಯ ನಡಿಗೆ. ಸಾಷ್ಟಾಂಗ ನಮಸ್ಕಾರ ಈಗ ಬೇಡ, ನಿಂತೇ ಕೈ ಮುಗಿಯಿರಿ.

ವ್ಯಾಯಾಮಕ್ಕೆ ಆರು ವಾರ ಕಾಯಬೇಕಾ, ಅಥವಾ ಬೇಗ ಶುರು ಮಾಡಬಹುದಾ? ನಮ್ಮ ಕ್ಷೇತ್ರದಲ್ಲಿ ಈ ಪ್ರಶ್ನೆ ಬಹಳ ವರ್ಷ ಇತ್ತು. ಬ್ರಿಟನ್ನಿನಲ್ಲಿ ಎದೆಮೂಳೆ ಕೂಡಲಿ ಅಂತ ಆರು ವಾರ ಕಾಯಿಸಿ, ಆಮೇಲೆ ವ್ಯಾಯಾಮದ ತರಗತಿಗೆ ಕರೆಯುವುದು ರೂಢಿಯಾಗಿತ್ತು. ಅಲ್ಲಿ 158 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಆಪರೇಷನ್ ಆಗಿ ಎರಡೇ ವಾರಕ್ಕೆ ಶುರು ಮಾಡಿತು, ಇನ್ನೊಂದು ಆರು ವಾರಕ್ಕೆ. 2022ರಲ್ಲಿ ಫಲಿತಾಂಶ ಬಂತು. ಎರಡು ವಾರಕ್ಕೆ ಶುರು ಮಾಡಿದವರಿಗೆ ತೊಂದರೆ ಜಾಸ್ತಿ ಆಗಲಿಲ್ಲ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಅಳೆದಾಗ ಅವರೇನೂ ಹಿಂದೆ ಬಿದ್ದಿರಲಿಲ್ಲ. ಅವರಿಗೆ ಕಲಿಸಿದವರು ತಿಳಿದವರು, ಪಕ್ಕದಲ್ಲೇ ನಿಂತು ಮಾಡಿಸಿದವರು. ಅದನ್ನು ಮರೆಯಬೇಡಿ. ಆದರೆ ಮೂಳೆ ಕೂಡುವವರೆಗೂ ಮೈ ಅಲುಗಾಡಿಸಬಾರದು ಅನ್ನುವುದಕ್ಕೆ ಆಧಾರ ಇಲ್ಲ ಅನ್ನುವುದಂತೂ ಗೊತ್ತಾಯಿತು.

ವಯಸ್ಸಾದವರಿಗೆ ಎಲ್ಲಿಂದ ಶುರು ಮಾಡಬೇಕು? ಇಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಎಲ್ಲರೂ 'ವಾಕಿಂಗ್ ಮಾಡಿ' ಅನ್ನುತ್ತಾರೆ. ಸರಿ. ಆದರೆ ನಿಂತರೆ ಓಲಾಡುವವರನ್ನು, ಕುರ್ಚಿಯಿಂದ ಏಳಲಾಗದವರನ್ನು ನೇರವಾಗಿ ಅರ್ಧ ಗಂಟೆ ವಾಕಿಂಗಿಗೆ ಕಳಿಸಿದರೆ ಬೀಳುತ್ತಾರೆ. ಅಮೆರಿಕದಲ್ಲಿ 60 ದಾಟಿದ 349 ಜನರ ಮೇಲೆ ಒಂದು ದೊಡ್ಡ ಅಧ್ಯಯನ ಆಯಿತು, 2021ರಲ್ಲಿ ಪ್ರಕಟವಾಯಿತು. ಅವರು ಆಪರೇಷನ್ ಆದವರಲ್ಲ, ಹೃದಯ ಸೋತು ಆಸ್ಪತ್ರೆ ಸೇರಿದವರು. ಆದರೆ ಮೈಯ ಸ್ಥಿತಿ ನಮ್ಮವರ ಹಾಗೆಯೇ. ಆಸ್ಪತ್ರೆಯಲ್ಲೇ ಶುರು ಮಾಡಿ, ಮನೆಗೆ ಹೋದ ಮೇಲೂ ಮೂರು ತಿಂಗಳು ಮುಂದುವರಿಸಿದರು. ಬರೀ ನಡಿಗೆ ಅಲ್ಲ. ಶಕ್ತಿ, ಸಮತೋಲ, ಓಡಾಟ, ದಮ್ಮು, ನಾಲ್ಕನ್ನೂ ಒಬ್ಬೊಬ್ಬರ ಮೈಗೆ ತಕ್ಕ ಹಾಗೆ ಮಾಡಿಸಿದರು. ಏಳುವುದು, ನಿಲ್ಲುವುದು, ನಡೆಯುವುದು ಚೆನ್ನಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವುದು ಅಷ್ಟೇನೂ ಕಡಿಮೆ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ 75 ವರ್ಷದವರಿಗೆ ತಾವೇ ಎದ್ದು ಬಚ್ಚಲಿಗೆ ಹೋಗಿ ಬರುವುದು ಸಣ್ಣ ವಿಷಯವಾ?

ಹಾಗಾಗಿ ಮನೆಯಲ್ಲಿ ಮೂರು ಕೆಲಸ. ಕುರ್ಚಿಯಿಂದ ಏಳುವುದು, ಕೂರುವುದು. ಈಗ ನೀವು ಮಾಡಿದಿರಲ್ಲ, ಅದೇ. ಮೊದಲ ವಾರ ಮೂರು ಸಲ ಆದರೂ ಸಾಕು, ದಿನಕ್ಕೆ ಎರಡು ಹೊತ್ತು. ಕಿಟಕಿಯ ಸರಳನ್ನು ಹಗುರವಾಗಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ. ಅಲ್ಲೇ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಎಣಿಸುತ್ತಾ ನಿಲ್ಲುವುದು. ಎಣಿಸುವುದನ್ನು ಬಾಯಿ ಬಿಟ್ಟು ಎಣಿಸಿ. ಉಸಿರು ಬಿಗಿ ಹಿಡಿದರೆ ಬಿಪಿ ಏರುತ್ತದೆ. ಮಾತಾಡುತ್ತಿದ್ದರೆ ಉಸಿರು ಬಿಗಿ ಹಿಡಿಯಲು ಆಗುವುದಿಲ್ಲ.

ನಡಿಗೆ ಐದು ನಿಮಿಷದಿಂದ ಶುರುವಾಗಲಿ. ಮನೆಯೊಳಗೇ, ಜಗಲಿಯಲ್ಲೇ. ದಿನಕ್ಕೆ ಮೂರು ಸಲ. ಮೈ ಒಪ್ಪಿದರೆ ಒಂದೆರಡು ದಿನಕ್ಕೆ ಒಂದೊಂದು ನಿಮಿಷ ಜಾಸ್ತಿ ಮಾಡಿ. ಒಂದು ಒಂದೂವರೆ ತಿಂಗಳಿಗೆ ಅರ್ಧ ಗಂಟೆಗೆ ಬರುತ್ತೀರಿ. ಊಟ ಆದ ತಕ್ಷಣ ಬೇಡ, ಒಂದು ಗಂಟೆ ಬಿಡಿ. ಚಪ್ಪಲಿ ಜಾರದ ಹಾಗಿರಲಿ, ಹವಾಯಿ ಚಪ್ಪಲಿ ಬೇಡ. ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಕಾಲು ಸಂಜೆಗೆ ಊದುತ್ತದೆ. ಕೂತಾಗ ಸ್ಟೂಲಿನ ಮೇಲೆ ಎತ್ತಿ ಇಡಿ. ಊದಿದೆ ಅಂತ ನಡಿಗೆ ಬಿಡಬೇಡಿ.

ಎಷ್ಟು ಸುಸ್ತಾಗಬೇಕು? ನಾಡಿ ಎಣಿಸಿ ನೋಡುವವರಿದ್ದಾರೆ. ಆದರೆ ಹೃದಯದ ಬಡಿತ ಇಳಿಸುವ ಮಾತ್ರೆಯನ್ನು ಬಹಳ ಜನರಿಗೆ ಕೊಟ್ಟಿರುತ್ತಾರೆ. ಅದು ನುಂಗಿದವರಿಗೆ ಎಷ್ಟು ನಡೆದರೂ ನಾಡಿ ಅಷ್ಟಾಗಿ ಏರುವುದಿಲ್ಲ, ಲೆಕ್ಕ ತಪ್ಪುತ್ತದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬವರು 6ರಿಂದ 20ರವರೆಗೆ ಸುಸ್ತಿನ ಅಳತೆಗೋಲು ಮಾಡಿದ್ದಾರೆ. ನಾವು 11ರಿಂದ 13ರೊಳಗೆ ಇರಲಿ ಅನ್ನುತ್ತೇವೆ. ಅಂದರೆ ಹಗುರಕ್ಕೂ 'ಸ್ವಲ್ಪ ಕಷ್ಟ' ಅನ್ನುವುದಕ್ಕೂ ನಡುವೆ. ಆದರೆ ನನಗೆ ಇದಕ್ಕಿಂತ ಚೆನ್ನಾದ ಅಳತೆ ಕಲಿಸಿದವರು ನಮ್ಮ ವಾರ್ಡಿಗೆ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು. ಅವರು ನಡೆಯುವಾಗ ವಚನ ಹೇಳುತ್ತಿದ್ದರು. ಒಂದು ವಚನ ಪೂರ್ತಿ ಆಗುವವರೆಗೆ ಉಸಿರು ಕಡಿಯದೆ ಹೇಳಲು ಬಂದರೆ ಸರಿ. ಸಾಲಿನ ನಡುವೆ ಏದುಸಿರು ಬಂದರೆ ವೇಗ ಇಳಿಸುತ್ತಿದ್ದರು. ರಾಗವಾಗಿ ಹಾಡುವಷ್ಟು ಆರಾಮಾದರೆ ಸ್ವಲ್ಪ ಜೋರು ನಡೆಯುತ್ತಿದ್ದರು. ಬೇಕಾದರೆ ನೀವು ಸಹಸ್ರನಾಮ ಹೇಳಿ, ಹನುಮಾನ್ ಚಾಲೀಸಾ ಹೇಳಿ, ಮೊಮ್ಮಕ್ಕಳ ಹತ್ತಿರ ಹರಟೆ ಹೊಡೆಯಿರಿ. ಮಾತು ಬರಬೇಕು ಅಷ್ಟೇ.

ನಿಲ್ಲಿಸಬೇಕಾದ ಸೂಚನೆಗಳೂ ಇವೆ. ಎದೆಯಲ್ಲಿ ಹಿಂಡಿದಂಥ ನೋವು, ಕಣ್ಣು ಕತ್ತಲೆ, ಎದೆ ಢವಢವ ಅನ್ನುವುದು, ಕೂತರೂ ಇಳಿಯದ ಏದುಸಿರು. ತಕ್ಷಣ ಕೂರಿ, ಆಸ್ಪತ್ರೆಗೆ ತಿಳಿಸಿ. ಕಡಿಮೆ ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಎದೆಮೂಳೆ ಕಟಕಟ ಅಂದರೆ, ಗಾಯದಿಂದ ನೀರು ಅಥವಾ ಕೀವು ಬಂದರೆ, ಜ್ವರ ಬಂದರೆ, ಒಂದು ಕಡೆಯ ಮೀನಖಂಡ ನೋಯುತ್ತಾ ಬಿಸಿಯಾದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಕಾಯಬೇಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ದಿನಾ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಪ್ರಾಣಾಯಾಮ ಮಾಡಬಹುದಾ ಅಂತ ಮುಂದಿನ ಸಾಲಿನಿಂದ ಚೀಟಿ ಬಂದಿದೆ. ನಿಧಾನವಾದ ಉಸಿರಾಟ ಧಾರಾಳವಾಗಿ ಮಾಡಿ. ಕಪಾಲಭಾತಿ, ಉಸಿರು ಬಿಗಿ ಹಿಡಿಯುವ ಕುಂಭಕ, ಸೂರ್ಯ ನಮಸ್ಕಾರ ಮೊದಲ ಮೂರು ತಿಂಗಳು ಬೇಡ. ಯೋಗದ ಬಗ್ಗೆ ನಮ್ಮ ದೇಶದಲ್ಲೇ ದೊಡ್ಡ ಅಧ್ಯಯನ ಆಗಿದೆ. 24 ಆಸ್ಪತ್ರೆಗಳಲ್ಲಿ, ಹಾರ್ಟ್ ಅಟ್ಯಾಕ್ ಆದ 3,959 ಜನರ ಮೇಲೆ. ಯೋಗ ಕಲಿತವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದರು, ಹಳೆಯ ಕೆಲಸಗಳಿಗೆ ಹೆಚ್ಚು ಮರಳಿದರು. ವ್ಯಾಯಾಮದ ಕೇಂದ್ರ ಹತ್ತಿರ ಇಲ್ಲದ ಊರುಗಳಿಗೆ ಇದು ಒಳ್ಳೆಯ ದಾರಿ. ತಿಳಿದವರಿಂದ ಕಲಿಯಿರಿ, ಮೊಬೈಲ್ ನೋಡಿಕೊಂಡು ಬೇಡ.

ಭಾರತೀಯ ಶೌಚಾಲಯದ ಬಗ್ಗೆ ಯಾರೂ ಕೇಳುವುದಿಲ್ಲ, ನಾಚಿಕೆ. ನಾನೇ ಹೇಳುತ್ತೇನೆ. ಕುಕ್ಕರಗಾಲಲ್ಲಿ ಕೂತು ಏಳಲು ತೊಡೆಗೆ ಬಹಳ ಶಕ್ತಿ ಬೇಕು. ಮಾತ್ರೆಗಳಿಂದ ಬಿಪಿ ಇಳಿದಿರುತ್ತದೆ, ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ಮೊದಲ ಎರಡು ಮೂರು ತಿಂಗಳು ಕಮೋಡ್ ಕುರ್ಚಿ ಇಟ್ಟುಕೊಳ್ಳಿ. ಬಾಡಿಗೆಗೂ ಸಿಗುತ್ತದೆ. ಗೋಡೆಗೆ ಒಂದು ಹಿಡಿ ಹಾಕಿಸಿ. ಮಲ ಗಟ್ಟಿಯಾಗಿ ತಿಣುಕಬೇಕಾಗಿ ಬಂದರೆ ಡಾಕ್ಟರಿಗೆ ಹೇಳಿ, ಔಷಧಿ ಕೊಡುತ್ತಾರೆ. ಬಾಗಿಲಿಗೆ ಒಳಗಿಂದ ಚಿಲಕ ಹಾಕಬೇಡಿ. ನಮ್ಮ ದೊಡ್ಡಪ್ಪ ಬಿದ್ದಾಗ ಬಾಗಿಲು ಒಡೆಯಲು ಇಪ್ಪತ್ತು ನಿಮಿಷ ಹಿಡಿದಿತ್ತು.

ಕೊನೆಯಲ್ಲಿ ನಿಂತಿರುವ ತಾಯಿ, ನೀವು ಕೇಳಿದ್ದು ನನಗೆ ಕೇಳಿಸಿತು. ನಿಮ್ಮ ಅತ್ತೆಗೆ ವಾಲ್ವ್ ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು, ಇನ್ನೂ ಹಾಸಿಗೆಯಲ್ಲೇ ಇದ್ದಾರೆ, ಈಗ ತಡವಾಯಿತಾ ಅಂತ. ತಡವಾಗಿಲ್ಲ. ಮೊದಲು ಆಪರೇಷನ್ ಮಾಡಿದ ಕಡೆ ಫೋನ್ ಮಾಡಿ, ಎಬ್ಬಿಸಬಹುದಾ, ಏನಾದರೂ ಬೇರೆ ತೊಂದರೆ ಇದೆಯಾ ಅಂತ ಕೇಳಿಕೊಳ್ಳಿ. ಸರಿ ಅಂದರೆ ನಾಳೆ ಮಧ್ಯಾಹ್ನದ ಊಟ ಮಂಚಕ್ಕೆ ಕೊಡಬೇಡಿ. ಕುರ್ಚಿಗೆ ಬರಲಿ. ಕುರ್ಚಿ ತಗ್ಗಾದರೆ ಏಳಲು ಆಗುವುದಿಲ್ಲ, ಹೆದರುತ್ತಾರೆ. ಅದಕ್ಕೆ ಕುರ್ಚಿಯ ಮೇಲೆ ಕಂಬಳಿಯನ್ನು ಬಿಗಿಯಾಗಿ ನಾಲ್ಕು ಮಡಿಕೆ ಮಾಡಿ ಹಾಕಿ. ಎತ್ತರದಿಂದ ಏಳುವುದು ಸುಲಭ. ಒಂದು ಸಲ ಎದ್ದರೂ ಸಾಕು ಆವತ್ತಿಗೆ. ಮಾರನೇ ದಿನ ಎರಡು. ಐದು ಸಲ ಆರಾಮಾಗಿ ಎದ್ದು ಕೂರಲು ಬಂದ ಮೇಲೆ ಒಂದು ಮಡಿಕೆ ತೆಗೆಯಿರಿ. ವಾರಕ್ಕೊಂದು ಮಡಿಕೆ ಆದರೂ ಒಂದು ತಿಂಗಳಿಗೆ ಬರೀ ಕುರ್ಚಿಯಿಂದ ಏಳುತ್ತಾರೆ. ಪಕ್ಕದಲ್ಲಿ ನೀವಿರಿ, ಆದರೆ ಎತ್ತಬೇಡಿ. ಕುರ್ಚಿಯ ಬೆನ್ನು ಗೋಡೆಗೆ ಒತ್ತಿರಲಿ, ಹಿಂದಕ್ಕೆ ಜಾರಬಾರದು.